ಕೊನೆಯ ಬೆಂಚಿಗೆ ತಲುಪದ ಉಪ್ಪು

ನಾನು ಸಮಾಜ ವಿಜ್ಞಾನದ ಮೇಡಂ ಆಗಿದ್ದವಳು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಎಂದು ನಾಲ್ಕು ತಾಲ್ಲೂಕುಗಳ ಸರ್ಕಾರಿ ಹೈಸ್ಕೂಲುಗಳಲ್ಲಿ ಸೀಮೆಸುಣ್ಣದ ಧೂಳು ಕುಡಿದು ನಿವೃತ್ತಳಾದೆ. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂದೆಲ್ಲ ಬರೆಯಲು ನನಗೆ ಪುರುಸೊತ್ತಿಲ್ಲ, ಓದಲು ನಿಮಗೂ ಇರಬಾರದು. ಈಗಷ್ಟೇ ಆರ್ಡರ್ ಹಿಡಿದುಕೊಂಡು ಶಾಲೆಯ ಗೇಟು ದಾಟುತ್ತಿರುವ ಹುಡುಗ ಹುಡುಗಿಯರಿಗೆ ನಾನು ಹೇಳಬೇಕಾಗಿರುವುದು ಒಂದೇ ಪಾಠದ ವಿಚಾರ. ಸಮುದ್ರದಾಚೆ ಕೂತ ದೊರೆಗಳು ತಮ್ಮ ಕೈಕೆಳಗಿನ ನಾಡುಗಳ ಉಪ್ಪು, ಬಟ್ಟೆ, ಚಹಾದ ಮೇಲೆ ಹಾಕಿದ ಸುಂಕದ ಪಾಠ ಅದು. ಅದನ್ನು ಚೆನ್ನಾಗಿ ಮಾಡಲು ಹೋಗಿ ಒಮ್ಮೆ ಇಬ್ಬರು ಹುಡುಗಿಯರ ನಡುವಿನ ಮಾತನ್ನೇ ನಿಲ್ಲಿಸಿಬಿಟ್ಟೆ. ಆ ಇಬ್ಬರು ಮಾತಾಡದಿದ್ದರೆ ಎರಡು ಮನೆಗಳ ನಡುವೆ ಮಾತಿಗೆ ಬೇರೆ ದಾರಿಯೇ ಇರಲಿಲ್ಲ. ಅದನ್ನು ಹೇಳುವ ಮೊದಲು ಆ ಪಾಠ ನನ್ನನ್ನು ಹೇಗೆಲ್ಲ ಆಟ ಆಡಿಸಿತು ಎಂಬುದು ನಿಮಗೆ ತಿಳಿದಿರಬೇಕು.

ಮೊದಲ ನೇಮಕ ಜಗಳೂರು ಕಡೆಯ ಒಂದು ಹಳ್ಳಿಗೆ. ನಾನೋ ನೋಟ್ಸ್ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದವಳು. ಬೋರ್ಡಿನ ಎಡಗಡೆ ‘ಕಾರಣಗಳು’, ಬಲಗಡೆ ‘ಪರಿಣಾಮಗಳು’. ಅಮೆರಿಕದ ವಸಾಹತುಗಳ ಜನ ಸುಂಕಕ್ಕೆ ಸಿಟ್ಟಾಗಿ ಹಡಗಿನಲ್ಲಿದ್ದ ಚಹಾವನ್ನೆಲ್ಲ ಸಮುದ್ರಕ್ಕೆ ಸುರಿದರು ಎಂದು ನಾನು ಹೇಳಿ ಮುಗಿಸುವುದರೊಳಗೆ ಮುಂದಿನ ಬೆಂಚಿನಿಂದ ಒಬ್ಬ ಎದ್ದ.

“ಮೇಡಂ, ಚಾ ಬ್ಯಾಡಾಗಿದ್ರೆ ಕುಡಿಯಾದು ಬಿಡಬೌದಿತ್ತಲ್ಲ? ಪುಡಿ ಯಾಕೆ ನೀರಿಗೆ ಹಾಕಿದ್ರು? ಸುಮ್ನೆ ಹಾಳಾತಲ್ಲ!”

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದು ನಕ್ಕಿತು. “ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೋ” ಎಂದು ಗದರಿದೆ. ಹೊಸ ಮೇಡಮ್ಮಿನ ಕೈಯಲ್ಲಿದ್ದ ಬ್ರಹ್ಮಾಸ್ತ್ರ ಅದೊಂದೇ. ಆದರೆ ನಿಜ ಹೇಳಬೇಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಒಂದು ಚಿಟಿಕೆ ತೆರಿಗೆಗೆ ಜನ ಅಷ್ಟು ಉರಿದು ಏಳುವುದು ಹೇಗೆ? ಬೆಲೆ ಏರಿದಾಗ ಗೊಣಗಿಕೊಂಡು ಸುಮ್ಮನಾಗುವುದೇ ಮನುಷ್ಯರ ರೂಢಿ ಎಂದು ನಾನು ನಂಬಿದ್ದೆ.

ಅದು ಶೇಂಗಾ ಕಿತ್ತ ಕಾಲ. ಹುಡುಗರ ಜೇಬು, ಹುಡುಗಿಯರ ಬ್ಯಾಗು ಎಲ್ಲಾ ಹುರಿದ ಶೇಂಗಾ. ಕ್ಲಾಸಿನ ತುಂಬ ಸಿಪ್ಪೆ. ಬೈದು ಸಾಕಾಗಿ ಒಂದು ಆಟ ಹೂಡಿದೆ. ನಾನು ಸಮುದ್ರದಾಚೆಯ ರಾಣಿ, ಯಾರು ಶೇಂಗಾ ತಂದರೂ ಮುಷ್ಟಿಗೆ ಒಂದು ಕಾಯಿ ನನ್ನ ಮೇಜಿಗೆ ಬರಬೇಕು ಎಂದೆ. ಮಕ್ಕಳಿಗೆ ಖುಷಿಯೋ ಖುಷಿ. “ತಗಳ್ರೀ ಮಹಾರಾಣಿಯೋರೆ” ಎಂದು ನಕ್ಕೊಂಡು ತಂದಿಟ್ಟರು. ಅವತ್ತೇ ನಮ್ಮ ಹೆಡ್‌ಮಾಸ್ತರರು ಏನೋ ಮಾತಾಡಲು ಬಂದು ನನ್ನ ಕುರ್ಚಿಯಲ್ಲಿ ಕೂತರು. ಒಳ್ಳೆಯ ಮನುಷ್ಯ, ಆದರೆ ತಿನ್ನುವುದು ಕಂಡರೆ ಕೈ ತಡೆಯದು. ಮಾತಾಡುತ್ತಾ ಮಾತಾಡುತ್ತಾ ಒಂದೊಂದೇ ಬಿಡಿಸಿ ಬಾಯಿಗೆ ಹಾಕಿಕೊಂಡು, ಮೇಜು ಖಾಲಿ ಮಾಡಿ, ಕೈ ಕೊಡವಿಕೊಂಡು ಎದ್ದು ಹೋದರು.

ಹಿಂದಿನಿಂದ ಒಂದು ಸಣ್ಣ ದನಿ ಬಂತು. “ಅವ್ರು ಯಾಕೆ ತಿಂದ್ರು ಮೇಡಂ? ನಮ್ಮನ್ನ ಕೇಳಿದ್ರಾ?”

ಮರುದಿನ ಮೇಜಿಗೆ ಒಂದು ಕಾಯಿಯೂ ಬರಲಿಲ್ಲ. ಕ್ಲಾಸಿನ ತುಂಬ ಶೇಂಗಾ ಘಮ, ಕೇಳಿದರೆ ಎಲ್ಲರೂ ಕೈ ಅಗಲಿಸಿ “ಇಲ್ಲ ಮೇಡಂ, ಆಣೆ ಮಾಡಿ ಹೇಳ್ತೀನಿ” ಎನ್ನುವವರೇ. ಜಾಮಿಟ್ರಿ ಬಾಕ್ಸಿನಲ್ಲಿತ್ತು, ಕಾಲುಚೀಲದಲ್ಲಿತ್ತು, ಒಬ್ಬಳ ಜಡೆಯ ಟೇಪಿನೊಳಗೂ ಸುತ್ತಿಟ್ಟಿತ್ತು. ‘ಕಳ್ಳಸಾಗಣೆ ಹೆಚ್ಚಾಯಿತು’ ಎಂಬ ವಾಕ್ಯವನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬರೆದವಳು ನಾನು. ಅದು ಹೀಗೆ ಘಮಘಮ ಎನ್ನುತ್ತದೆಂದು ಅವತ್ತು ತಿಳಿಯಿತು. ಬೆಕ್ಕಸ ಬೆರಗಾಗಿ ನಿಂತುಬಿಟ್ಟೆ.

ಹೆಡ್‌ಮಾಸ್ತರರಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಏನ್ರೀ ಮೇಡಂ, ನಾಕು ಶೇಂಗಾಕ್ಕೆ ದಂಗೆನಾ? ನಾಳೆ ನಾನೇ ಒಂದು ಚೀಲ ತಂದು ಹಾಕ್ತೀನಿ ಬಿಡ್ರಿ.” ತಂದೂ ತಂದರು. ಮಕ್ಕಳು ಚಪ್ಪರಿಸಿಕೊಂಡು ತಿಂದರು. ಆದರೆ ನನ್ನ ಮೇಜಿಗೆ ಮಾತ್ರ ಆ ವರ್ಷ ಮತ್ತೆ ಒಂದು ಕಾಯಿಯೂ ಬರಲಿಲ್ಲ.

ಆಮೇಲೆ ಚನ್ನಗಿರಿ. ಕೆರೆಬಿಳಚಿ ಬಸ್ಸಿನಲ್ಲಿ ದಿನಾ ಓಡಾಟ. ಅಲ್ಲಿಯ ಮಕ್ಕಳಿಗೆ ಅಡಿಕೆ ಧಾರಣೆ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು. ಜಗಳೂರಿನ ಜಂಬದಲ್ಲಿ ನಾನು ಬೋರ್ಡಿನ ಮೇಲೆ ದಪ್ಪಗೆ ‘ಸುಂಕವೆಂದರೆ ಶೋಷಣೆ’ ಎಂದು ಬರೆದೆ. ಅಡಿಕೆ ವ್ಯಾಪಾರಿಯೊಬ್ಬರ ಮಗಳು ಕೈ ಎತ್ತದೆಯೇ ಎದ್ದು ನಿಂತಳು.

“ತಪ್ಪು ಮೇಡಂ. ಹೊರದೇಶದ ಅಡಿಕೆಗೆ ಸುಂಕ ಹಾಕದಿದ್ರೆ ನಮ್ಮ ಅಡಿಕೆ ಯಾರೂ ಕೇಳಾಕಿಲ್ಲ. ಸುಂಕ ಇರಬೇಕು ಅಂತ ಅಪ್ಪಾಜಿ ದಿನಾ ಹೇಳ್ತಾರೆ.”

ನಾನು ಸೀಮೆಸುಣ್ಣ ಕೆಳಗಿಟ್ಟೆ. ಅಷ್ಟರಲ್ಲಿ ಅವಳ ಪಕ್ಕದವಳು, “ಹಂಗಾರೆ ಬ್ರಿಟಿಷ್ರು ನಮ್ಮ ಬಟ್ಟೆಗೆ ಹಾಕಿದ್ದೂ ಅದಕ್ಕೇ ಅಲ್ವೇನೇ? ಅವ್ರ ಬಟ್ಟೆ ಉಳಿಸ್ಕಳಾಕೆ?” ಎಂದಳು. “ಅವ್ರ ದೇಶದಾಗೆ ಹಾಕ್ಕಳ್ಲಿ. ನಮ್ಮೂರಿನ ಮಗ್ಗಕ್ಕೆ ಯಾಕೆ ಹಾಕಬೇಕಿತ್ತು?” ಎಂದಳು ಇವಳು. ಬಾಗಿಲು ಯಾರದು, ಅಗುಳಿ ಹಾಕುವವರು ಯಾರು ಎಂದು ಇಡೀ ಪೀರಿಯಡ್ಡು ಜಟಾಪಟಿ ನಡೆಯಿತು. ಅವರ ಬಟ್ಟೆ ಹಡಗು ತುಂಬ ಸಲೀಸಾಗಿ ಬಂದಿಳಿಯುತ್ತಿದ್ದಾಗ ನಮ್ಮ ನೇಕಾರ ಕೂತಲ್ಲೇ ತನ್ನ ಮಗ್ಗಕ್ಕೆ ತೆರಿಗೆ ಕಟ್ಟಬೇಕಿತ್ತು ಎಂದು ನಾನು ಹೇಳಿದಾಗ ಆ ವ್ಯಾಪಾರಿಯ ಮಗಳ ಮುಖ ಕೆಂಪಾಯಿತು. ಬರೆದದ್ದನ್ನು ನಾನೇ ಒರೆಸಿದೆ. ಅವತ್ತು ತಪಾಸಣೆಗೆ ಬಂದಿದ್ದ ಮೇಲಧಿಕಾರಿಗಳು ಹಿಂದೆ ಕೂತು ಎಲ್ಲ ಕೇಳಿಸಿಕೊಂಡು, ಹೋಗುವಾಗ “ಶಿಸ್ತು ಸಾಲದು ಮೇಡಂ” ಎಂದರು. ಅವರ ಮಾತಿಗೆ ನಾನು ಬೇಸರಪಡಲಿಲ್ಲ, ನಿಮಗೂ ಹಾಗೆ ಹೇಳುವವರು ಸಿಗುತ್ತಾರೆ.

ಹೊನ್ನಾಳಿ ತಾಲ್ಲೂಕಿಗೆ ಬರುವ ಹೊತ್ತಿಗೆ ಪಾಠದ ರೀತಿಯೇ ಬದಲಾಗಿತ್ತು. ಗೋಡೆಗೆ ಟಿವಿ ಬಂತು. ಹಡಗು, ಸಮುದ್ರ, ಕೆಂಪು ಕೋಟಿನ ಸಿಪಾಯಿಗಳು ಎಲ್ಲವೂ ಬಣ್ಣ ಬಣ್ಣವಾಗಿ ಕಾಣುತ್ತಿದ್ದವು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು, ಕರೆಂಟು ಹೋದ ಮೇಲೆ ಏನು ನೋಡಿದಿರಿ ಎಂದರೆ “ಹಡಗು ಚೆನ್ನಾಗೈತೆ ಮೇಡಂ” ಎಂದರು. ಟಿವಿ ಬೇಡವೆನ್ನುವವಳಲ್ಲ ನಾನು, ಕಾಣದ್ದನ್ನು ಕಾಣಿಸುತ್ತದೆ. ಆದರೆ ಸಿಟ್ಟು ಅದರಲ್ಲಿ ಕಾಣಿಸುವುದಿಲ್ಲ. ಸಾಸ್ವೆಹಳ್ಳಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಸಿಟ್ಟನ್ನು ಇನ್ನೊಮ್ಮೆ ಕ್ಲಾಸಿಗೆ ತರುವುದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ನ್ಯಾಮತಿ ಕಡೆಯ ಹಳ್ಳಿ. ಊರಿನ ಹೆಸರು ಬೇಡ, ಆ ಹುಡುಗಿಯರು ಈಗ ದೊಡ್ಡವರಾಗಿದ್ದಾರೆ. ಸಿಂಚನಾ ಮತ್ತು ಪಲ್ಲವಿ ಒಂದೇ ಕ್ಲಾಸು, ಅಣ್ಣತಮ್ಮಂದಿರ ಮಕ್ಕಳು. ಅಪ್ಪಂದಿರಿಬ್ಬರೂ ಪಾಲಿನ ವಿಷಯಕ್ಕೆ ಮುಖ ತಿರುಗಿಸಿಕೊಂಡು, ಒಂದೇ ಮನೆಗೆ ನಡುಗೋಡೆ ಎಬ್ಬಿಸಿ, ಎದುರಾದರೆ ಟವೆಲ್ಲು ಕೊಡವಿ ನಡೆದುಬಿಡುವವರು. ಈ ಹುಡುಗಿಯರು ಮಾತ್ರ ಬೆರಳಿಗೆ ಬೆರಳು ಹೆಣೆದುಕೊಂಡೇ ಶಾಲೆಗೆ ಬರುತ್ತಿದ್ದರು, ಹೋಗುತ್ತಿದ್ದರು.

ಉಪ್ಪಿನ ತೆರಿಗೆಯ ಪಾಠ ಬಂತು. ನಾನು ಅಂಗಡಿಯಿಂದ ಹರಳುಪ್ಪು ತಂದೆ. ಬಾಗಿಲ ಹತ್ತಿರದ ಬೆಂಚು ಕುಮಟೆಯ ಕಡಲ ತೀರ, ಕೊನೆಯ ಬೆಂಚು ನಮ್ಮ ಬಯಲುಸೀಮೆಯ ಊರು. ನಡುವೆ ಅಲ್ಲಲ್ಲಿ ಒಂದೊಂದು ಮೇಜು ಸುಂಕದ ಕಟ್ಟೆ. ಎತ್ತಿನ ಮೇಲೆ ಹೇರಿಕೊಂಡು ಘಟ್ಟ ಹತ್ತಿ ಬರುವ ಉಪ್ಪು ಕೈಯಿಂದ ಕೈಗೆ ದಾಟಬೇಕು, ಕಟ್ಟೆ ಬಂದಲ್ಲೆಲ್ಲ ಸುಂಕದವರು ಒಂದು ಚಿಟಿಕೆ ತೆಗೆದು ತಮ್ಮ ಬಟ್ಟಲಿಗೆ ಹಾಕಬೇಕು. ಕೊನೆಯ ಕಟ್ಟೆಗೆ ಸಿಂಚನಾ, ಕೊನೆಯ ಬೆಂಚಿನಲ್ಲಿ ಉಪ್ಪಿಗೆ ಕಾಯುವವಳು ಪಲ್ಲವಿ.

“ಉಪ್ಪ ಕೈಗೆ ಕೈ ಕೊಡಬಾರ್ದು ಮೇಡಂ, ಜಗಳ ಆಗ್ತೈತೆ” ಎಂದು ನಾಲ್ಕಾರು ಮಕ್ಕಳು ಕೈ ಹಿಂದಕ್ಕೆ ಎಳೆದುಕೊಂಡರು. ಆ ಸೀಮೆಯಲ್ಲಿ ಉಪ್ಪನ್ನು ಯಾರೂ ಕೈಗೆ ಕೊಡುವುದಿಲ್ಲ, ನೆಲಕ್ಕೋ ತಟ್ಟೆಗೋ ಇಟ್ಟರೆ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ನನ್ನ ತವರಲ್ಲೂ ಹಾಗೇ. ಆದರೆ ಮೇಡಂ ಆದವಳಿಗೆ ವೈಜ್ಞಾನಿಕ ಮನೋಭಾವ ಇರಬೇಕಲ್ಲ! “ಮೂಢನಂಬಿಕೆ! ನಡೀರಿ, ನಡೀರಿ” ಎಂದು ಅಬ್ಬರಿಸಿದೆ.

ಉಪ್ಪು ಹೊರಟಿತು. ಒಂದೊಂದು ಕೈಗೂ ಒಂದಷ್ಟು ಅಂಟಿತು, ಒಂದೊಂದು ಕಟ್ಟೆಯಲ್ಲೂ ಒಂದು ಚಿಟಿಕೆ ಹೋಯಿತು. ಸಿಂಚನಾಳ ಮೇಜಿಗೆ ಬರುವಾಗ ನಾಲ್ಕು ಹರಳು ಉಳಿದಿತ್ತು. ಅವಳು ಗೆಳತಿಯನ್ನು ರೇಗಿಸುವ ಹುಮ್ಮಸ್ಸಿನಲ್ಲಿ ಆ ನಾಲ್ಕನ್ನೂ ಎತ್ತಿ ಬಟ್ಟಲಿಗೆ ಹಾಕಿ ಕಿಸಕ್ಕೆಂದು ನಕ್ಕಳು. ಹೊತ್ತು ತಂದ ಹುಡುಗ ತನ್ನ ಖಾಲಿ ಅಂಗೈಯನ್ನು ಪಲ್ಲವಿಯ ಅಂಗೈಗೆ ಒರೆಸಿದ. ಪಲ್ಲವಿ ಅಂಗೈ ನೋಡಿಕೊಂಡಳು. ಬರೀ ತೇವ. ನಾಲಿಗೆ ಚಾಚಿ ಅದನ್ನು ನೆಕ್ಕಿದಳು. ಯಾರೂ ನಗಲಿಲ್ಲ. ನೂರಾರು ವರ್ಷ ಹಿಂದಿನ ಯಾರೋ ಹೆಂಗಸು ನನ್ನ ಕ್ಲಾಸಿನಲ್ಲಿ ಬಂದು ಕೂತಂತಿತ್ತು.

ಅಷ್ಟರಲ್ಲಿ ಪಲ್ಲವಿ ಎದ್ದು ಬಂದು ಸಿಂಚನಾಳ ಬಟ್ಟಲನ್ನು ಎತ್ತಿ ನೆಲಕ್ಕೆ ಸುರಿದಳು. ಇವಳು ಅವಳ ಜಡೆ ಹಿಡಿದಳು, ಅವಳು ಇವಳ ಕೆನ್ನೆ ಪರಚಿದಳು. “ಎಲ್ಲಾ ನೀವೇ ತಿಂದ್ರಿ!” ಎಂದು ಹಿಂದಿನ ಬೆಂಚಿನವರು ಮುಂದಿನ ಬೆಂಚಿನವರ ಮೇಲೆ ಬಿದ್ದರು. ನಾನು ಬಿಡಿಸಲು ಹೋಗಿ ನನ್ನ ಕನ್ನಡಕ ಎಲ್ಲೋ ಹಾರಿತು. ಕಾಲಡಿ ಉಪ್ಪು ಕರಕರ ಎನ್ನುತ್ತಿತ್ತು. ಚಹಾವನ್ನು ಯಾಕೆ ನೀರಿಗೆ ಸುರಿದರು ಎಂದು ಜಗಳೂರಿನ ಹುಡುಗ ಕೇಳಿದ್ದ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತ್ತು, ಆದರೆ ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಸಂಜೆ ಇಬ್ಬರನ್ನೂ ಕರೆಸಿದೆ. “ಆಟದಲ್ಲಿ ಚಿಟಿಕೆ ತಗೊಂಡಿದ್ದಕ್ಕೆ ಇಷ್ಟೊಂದು ಸಿಟ್ಟೇನೇ?” ಎಂದರೆ ಪಲ್ಲವಿ ಕಣ್ಣು ತುಂಬಿಕೊಂಡು, “ತಗಂಡಿದ್ದಕ್ಕಲ್ಲ ಮೇಡಂ. ತಗಂಡು ನಕ್ಕಳು” ಎಂದಳು.

“ಸಾರಿ ಕೇಳು” ಎಂದರೆ ಸಿಂಚನಾ, “ನೀವು ತಗೋ ಅಂದ್ರಿ, ತಗಂಡೆ. ನಂದೇನೈತೆ ತಪ್ಪು?” ಎಂದಳು.

ಆ ಕಾಲದ ಸುಂಕದ ಕಟ್ಟೆಗಳಲ್ಲಿ ದೊರೆಗಳೇನು ಬಂದು ಕೂತಿರಲಿಲ್ಲ. ಕೂತವರು ನಮ್ಮವರೇ, ಹೆಂಡತಿ ಮಕ್ಕಳನ್ನು ಸಾಕಲು ಕೂತವರು. ಅವರನ್ನು ಯಾರಾದರೂ ಕೇಳಿದ್ದರೆ ಇದೇ ಉತ್ತರ ಕೊಡುತ್ತಿದ್ದರು. ಇಬ್ಬರ ಮಾತನ್ನೂ ಒಟ್ಟಿಗೆ ಕೇಳಿಸಿಕೊಂಡು, ಯಾರ ಪರವೂ ತೀರ್ಪು ಕೊಡದೆ ಮನೆಗೆ ಕಳಿಸಿದೆ.

ಎರಡು ದಿನ ಬಿಟ್ಟು ಅವರ ಅಜ್ಜಿ ಹಾಲಮ್ಮ ಕೋಲೂರಿಕೊಂಡು ಶಾಲೆಗೆ ಬಂದರು. ಸ್ಟಾಫ್ ರೂಮಿನ ಹೊಸ್ತಿಲಲ್ಲೇ ನಿಂತು ಶುರು ಮಾಡಿದರು.

“ಯಾರವ್ವ ಉಪ್ಪ ಕೈಗೆ ಕೈ ಕೊಡಿಸಿದ ಮೇಡಮ್ಮು? ನೀವೇನಾ? ಓದಿದೋರು ಹಿಂಗಾ ಮಾಡಾದು?”

“ಅಜ್ಜಿ, ಅದು ಪಾಠ…”

“ಏನ್ ಪಾಠ! ನಿಮ್ಮ ಪಾಠ ಹಾಳಾಗ. ಕೇಳ್ರಿಲ್ಲಿ. ನಾನಿರಾದು ಹಿರಿಯನ ಮನ್ಯಾಗೆ, ಪಲ್ಲವಿ ಮನ್ಯಾಗೆ. ಗ್ವಾಡೆ ಆಚೆ ಕಿರಿಯವ್ನು. ಅವನು ಉಂಡ್ನೋ, ಜ್ವರ ಬಿಡ್ತೋ, ನಂಗೆ ಹೇಳ್ತಿದ್ದಾಳು ಸಿಂಚನಾ. ನಾನು ಮಾಡಿದ ಹುಳಿ ಅವನ ತಟ್ಟೆಗೆ ಹೋಗ್ತಿದ್ದುದು ಪಲ್ಲವಿ ಕೈಯಿಂದ. ಈಗ ಇಬ್ರೂ ಮಕ ನೋಡಂಗಿಲ್ಲ. ಇವರು ಮಾತು ಬಿಟ್ರೆ ನನ್ನ ಇಬ್ರು ಮಕ್ಳ ನಡುವೆ ಇನ್ನ್ಯಾರದಾರವ್ವ?”

ಬೈಗುಳ ನಡುವೆಯೇ ಅಳುವಾಯಿತು. ನಾನು ಕುರ್ಚಿ ಕೊಟ್ಟೆ, ಕೂರಲಿಲ್ಲ. ನೀರು ಕೊಟ್ಟೆ, ಕುಡಿದರು. “ಸರಿ ಮಾಡ್ರಿ. ನೀವು ಹಚ್ಚಿದ್ದು, ನೀವೇ ಆರಿಸ್ರಿ” ಎಂದು ಹೇಳಿ ಹೋದರು.

ನಮ್ಮ ಅಲ್ಲಿನ ಹೆಡ್‌ಮಾಸ್ತರರು ತೀರಾ ಸೌಮ್ಯ. ಕೈ ಮುಗಿಯುವುದೊಂದು ಬಾಕಿ. “ಮೇಡಂ, ಇನ್ನು ಉಪ್ಪು, ಖಾರ, ಹುಣಸೆಹಣ್ಣು ಏನೂ ತರಬ್ಯಾಡ್ರಿ. ಪುಸ್ತಕ ಓದಿಸ್ರಿ, ಸಾಕು.”

“ಓದಿಸಿದರೆ ಯಾರಿಗೂ ಏನೂ ಆಗಲ್ಲ ಸಾರ್, ಅದೇ ಕಷ್ಟ” ಎಂದೆ. ನನ್ನ ಬಾಯಿ ಯಾವತ್ತೂ ಅಷ್ಟೇ.

ಏನೇನೋ ಮಾಡಿದೆ. ಪಕ್ಕಪಕ್ಕ ಕೂರಿಸಿದೆ, ನಡುವೆ ಬ್ಯಾಗು ಇಟ್ಟುಕೊಂಡರು. ಬಿಸಿಯೂಟದಲ್ಲಿ ಎದುರುಬದುರು ಕೂರಿಸಿದೆ, ತಟ್ಟೆ ತಿರುಗಿಸಿಕೊಂಡರು. ಶಾಲೆ ಬಿಟ್ಟ ಮೇಲೆ ಒಬ್ಬಳು ರಸ್ತೆಯ ಈ ಬದಿ, ಇನ್ನೊಬ್ಬಳು ಆ ಬದಿ ನಡೆಯುವುದನ್ನು ಗೋವಿನಕೋವಿ ಬಸ್ಸಿಗೆ ಕಾಯುತ್ತಾ ನೋಡುತ್ತಿದ್ದೆ. ಒಂದು ಸಾಮ್ರಾಜ್ಯದ ಸಿಟ್ಟನ್ನು ಕ್ಲಾಸಿಗೆ ತರುವುದು ನನಗೆ ಗೊತ್ತಿತ್ತು, ಅದನ್ನು ವಾಪಸ್ಸು ಕಳಿಸುವುದು ಗೊತ್ತಿರಲಿಲ್ಲ.

ಕೊನೆಗೆ ಇನ್ನೊಂದು ಸಲ ಅದೇ ಆಟ ಆಡಿಸುವುದೆಂದು ನಿರ್ಧರಿಸಿದೆ. ಜಾಗ ಅದಲುಬದಲು: ಸುಂಕದ ಕಟ್ಟೆಗೆ ಪಲ್ಲವಿ, ಕೊನೆಯ ಬೆಂಚಿಗೆ ಸಿಂಚನಾ. ಕಟ್ಟೆಯಲ್ಲಿ ಕೂತವರ ಕಷ್ಟ ಪಲ್ಲವಿಗೂ, ಉಪ್ಪಿಗೆ ಕಾಯುವವರ ಕಷ್ಟ ಸಿಂಚನಾಗೂ ತಿಳಿದರೆ ಮನಸ್ಸು ಕರಗಬಹುದು ಎಂಬ ಆಸೆ. ಹೆಡ್‌ಮಾಸ್ತರರು “ಮೇಡಂ, ನನ್ನ ಬಿಪಿ” ಎಂದರು. ಆದರೂ ಬಾಗಿಲಲ್ಲಿ ಬಂದು ನಿಂತರು. ಹಾಲಮ್ಮನ ಮಾತಿಗೆ ತಲೆಬಾಗಿ ಈ ಸಲ ಉಪ್ಪನ್ನು ಮುತ್ತುಗದ ಎಲೆಯ ಮೇಲಿಟ್ಟೆ. ಒಬ್ಬರು ಬೆಂಚಿನ ಮೇಲೆ ಇಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು.

ಎಲೆ ಹೊರಟಿತು. ಕಟ್ಟೆ ಕಟ್ಟೆಗೂ ಚಿಟಿಕೆ ಕಡಿಮೆಯಾಗುತ್ತಾ ಪಲ್ಲವಿಯ ಮುಂದೆ ಬಂದಾಗ ಅದರ ಮೇಲೆ ಉಳಿದದ್ದು ಒಂದೇ ಒಂದು ಚಿಟಿಕೆ. ಅವಳು ತೆಗೆದರೆ ಸಿಂಚನಾಗೆ ಖಾಲಿ ಎಲೆ. ಸಿಂಚನಾ ತಲೆ ತಗ್ಗಿಸಿ ಕೂತಿದ್ದಳು, ಆಗುವುದು ಏನೆಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಪಲ್ಲವಿ ತೆಗೆಯುತ್ತಾಳೆ, ನಗುತ್ತಾಳೆ, ಅಲ್ಲಿಗೆ ಎರಡು ಮನೆಗಳ ನಡುವಿನ ಕೊನೆಯ ಬಾಗಿಲೂ ಮುಚ್ಚುತ್ತದೆ. ಯಾಕಾದರೂ ಇದನ್ನು ಹೂಡಿದೆನೋ ಎನಿಸಿತು.

ಪಲ್ಲವಿ ಎಲೆಯನ್ನೇ ನೋಡುತ್ತಿದ್ದಳು.

“ತಗೋ” ಎಂದೆ.

“ತಗಳ್ದಿದ್ರೆ?”

“ತಗೊಳ್ಳಲೇಬೇಕು. ನೀನು ಸುಂಕದವಳು.”

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. “ಹಂಗಾರೆ ಈ ಕೆಲ್ಸ ನಂಗೆ ಬ್ಯಾಡ ಮೇಡಂ” ಎಂದು ಎದ್ದು ನಿಂತಳು. ಬಟ್ಟಲನ್ನು ಮೇಜಿನ ಮೇಲೆ ಬೋರಲು ಹಾಕಿದಳು. ನೆಟ್ಟಗೆ ನಡೆದು ಕೊನೆಯ ಬೆಂಚಿನ ಹತ್ತಿರ ಹೋಗಿ ನಿಂತಳು.

ಸಿಂಚನಾ ಪಕ್ಕದಲ್ಲಿದ್ದ ಬ್ಯಾಗನ್ನು ತೆಗೆದು ಕೆಳಗಿಟ್ಟು ಸರಿದು ಕೂತಳು. “ಬಾರೇ” ಎಂದಳು. ಪಲ್ಲವಿ ಕೂತಳು.

ಬ್ರಿಟಿಷರ ಕಾಲದಲ್ಲಿ ಕೈಯಲ್ಲಿದ್ದ ನೌಕರಿ ಬಿಟ್ಟು ಎದ್ದು ಬಂದವರ ಬಗ್ಗೆ ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು. ಅಂಥವರು ಎದ್ದು ನಿಂತಾಗ ಹೇಗೆ ಕಾಣುತ್ತಾರೆಂದು ನೋಡಿದ್ದು ಅವತ್ತೇ. ನನ್ನ ಕಣ್ಣು ಮಂಜಾಯಿತು. ಆದರೂ ಮೇಡಂ ಅಲ್ಲವೇ, ಆಟ ಮುಗಿಸಬೇಕಿತ್ತು. ಖಾಲಿಯಾದ ಸುಂಕದ ಮೇಜನ್ನು ಕೋಲಿನಿಂದ ತಟ್ಟಿ, “ಇಲ್ಲಿ ಯಾರಾದರೂ ಬಂದು ಕೂತ್ಕೊಳ್ರಿ” ಎಂದೆ.

ಯಾರೂ ಏಳಲಿಲ್ಲ.